ಎರಡು ಜಿಲ್ಲೆಯ ಒಲೆ

ನನ್ನ ಹಿತ್ತಲ ಗೋಡೆಯ ಆಚೆ ಬೇರೆ ಜಿಲ್ಲೆ. ಗೋಡೆ ಎಂದರೆ ಕೋಟೆಯಲ್ಲ, ಎದೆಮಟ್ಟದ ಮಣ್ಣಿನ ಗೋಡೆ. ನಿಂತು ನೋಡಿದರೆ ಆಚೆಯವರ ಹಗ್ಗದ ಮೇಲೆ ಒಣಗುವ ಧೋತರದ ತೇಪೆಯೂ ಕಾಣುತ್ತದೆ. ಕಾಣುವುದಕ್ಕೆ ಅಡ್ಡಿಯಿಲ್ಲ. ಆಚೆಯ ಒಗ್ಗರಣೆ ಈಚೆ ಬಂದು ಸೀನು ತರಿಸುವುದಕ್ಕೂ ಅಡ್ಡಿಯಿಲ್ಲ. ಮಾತು ಮಾತ್ರ ಬರುವುದಿಲ್ಲ, ಹೋಗುವುದೂ ಇಲ್ಲ. ನಮ್ಮ ನಾಡಿನಲ್ಲಿ ಮನುಷ್ಯ ಗೆರೆ ದಾಟಬಹುದು, ಅವನ ದನಿ ದಾಟುವುದಿಲ್ಲ.

ಮನೆಗಳು ಸೇರಿ ಓಣಿ, ಓಣಿಗಳು ಸೇರಿ ಕೇರಿ, ಕೇರಿಗಳು ಸೇರಿ ಪೇಟೆ. ಅದರ ಮೇಲೆ ತಾಲೂಕು, ಅದರ ಮೇಲೆ ಜಿಲ್ಲೆ, ಎಲ್ಲದರ ಮೇಲೆ ನಾಡು. ನಿಮ್ಮ ಒಲೆ ಯಾವ ಓಣಿಯಲ್ಲಿದೆಯೋ ಅಲ್ಲಿ ನಿಮಗೆ ಬಾಯಿ. ಪಕ್ಕದ ಓಣಿಗೆ ಕಾಲಿಟ್ಟರೆ ಬರೀ ಕಿವಿ. ಅವರು ಹೇಳಿದ್ದನ್ನು ಕೇಳಿಸಿಕೊಂಡು ಬರಬೇಕು. ಎದುರುಬದುರು ಕೂತು ಮಾತಾಡಬೇಕೆಂದರೆ ಇಬ್ಬರಿಗೂ ಸೇರಿದ ಜಾಗಕ್ಕೆ ಹೋಗಬೇಕು. ಎರಡು ಓಣಿಯವರಿಗೆ ಕೇರಿಯ ಕಟ್ಟೆ ಇದೆ. ಎರಡು ಕೇರಿಯವರಿಗೆ ಪೇಟೆಯ ಚಾವಡಿ. ಹೀಗೇ ಮೇಲೆ ಹೋಗುತ್ತ ಹೋಗುತ್ತ, ಎರಡು ಜಿಲ್ಲೆಯವರಾದರೆ ಬುತ್ತಿ ಕಟ್ಟಿಕೊಂಡು ರಾಜಧಾನಿಯ ನಾಡಮಂಟಪದ ತನಕ ಬಸ್ಸಿನಲ್ಲಿ ಕೂರಬೇಕು.

ನಮಗೆ ಇದೇನೂ ವಿಚಿತ್ರವಲ್ಲ. ಮದುವೆಯಾಗಿ ಬೇರೆ ಓಣಿಗೆ ಹೋದ ಮಗಳು ತವರಿಗೆ ಬಂದರೆ ಅವ್ವ ಹೇಳುತ್ತಾಳೆ, ಮಗಳು ಕೇಳುತ್ತಾಳೆ. ಮಗಳ ಸುಖದುಃಖ ತಿಳಿಯಬೇಕಾದರೆ ಅವ್ವನೇ ಸೀರೆ ಉಟ್ಟುಕೊಂಡು ಅವಳ ಮನೆಗೆ ಹೋಗುತ್ತಾಳೆ. ಜಗಳಕ್ಕೂ ಎರಡು ಭೇಟಿ ಬೇಕು: ಒಂದು ಸಲ ಬೈಸಿಕೊಳ್ಳಲು, ಒಂದು ಸಲ ಬೈಯಲು. ನಮ್ಮೂರಲ್ಲಿ ಜಗಳ ಕಡಿಮೆ ಎಂದು ಬಂದವರೆಲ್ಲ ಹೊಗಳುತ್ತಾರೆ. ಕಡಿಮೆಯೇನಲ್ಲ, ನಿಧಾನ ಅಷ್ಟೇ.

ನನ್ನ ಹೆಸರು ಚಂದ್ರವ್ವ. ಹಾಗೆಂದರೆ ಯಾರಿಗೂ ಗೊತ್ತಾಗುವುದಿಲ್ಲ, ಗಿರಣಿ ಚಂದ್ರವ್ವ ಎನ್ನಬೇಕು. ಗಂಡ ಸತ್ತ ಮೇಲೆ ಹಿಟ್ಟಿನ ಗಿರಣಿ ನಾನೇ ನಡೆಸಿಕೊಂಡು ಬಂದೆ. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ಗಂಟಲು ತಮಟೆಯಂತಾಗಿದೆ. ಪಿಸುಮಾತು ಆಡಿದರೂ ಓಣಿಯ ಆ ತುದಿಗೆ ಕೇಳುತ್ತದೆ ಎಂದು ಹೆಂಗಸರು ನಗುತ್ತಾರೆ. ನಗಲಿ. ಗಿರಣಿಯ ಚಕ್ರ ತಿರುಗಿಸುವ ಪಟ್ಟಾದ ಹತ್ತಿರ ಯಾರದಾದರೂ ಸೆರಗು ಹೋದರೆ, ಯಾವುದಾದರೂ ಕೂಸು ಕೈ ಚಾಚಿದರೆ, ಆ ಗಂಟಲೇ ಅವರನ್ನು ಉಳಿಸುವುದು. ನಾನು ಓಡಿಹೋಗಿ ಹಿಡಿಯುವುದರೊಳಗೆ ಆಗಬಾರದ್ದು ಆಗಿಹೋಗಿರುತ್ತದೆ.

ಇನ್ನು ಗೋಡೆಯ ಆಚೆಯವನು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಮೊದಲ ಗಂಡನ ಹೆಸರನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೂ ಅವರು ಹೋದರು. ಹಾಗಾಗಿ ಈ ಸಲ ಹೆಸರು ಹಿಡಿದೇ ಹೇಳುತ್ತೇನೆ, ಅದೂ ಏಕವಚನದಲ್ಲಿ. ಎದುರಿಗಿದ್ದಾಗ ‘ರೀ’ ಅನ್ನುತ್ತೇನೆ, ಅಷ್ಟು ಸಾಕು. ಅವನು ಟಾಂಗಾ ಫಕೀರಪ್ಪ. ಒಂದು ಟಾಂಗಾ, ಒಂದು ಕುದುರೆ, ಒಬ್ಬನೇ ಮನುಷ್ಯ. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದಳು. ಕುದುರೆಗೆ ಮಿಂಚಿನ ಹೆಸರು, ಬಿಜಲಿ; ನಡಿಗೆ ಮಾತ್ರ ಬಸುರಿ ಎಮ್ಮೆಯದು.

ಆ ಬಿಜಲಿಯಿಂದಲೇ ಎಲ್ಲ ಶುರುವಾದದ್ದು. ನಾನು ಗೋಡೆಗೆ ಒರಗಿಸಿಟ್ಟಿದ್ದ ಬೂಸಾ ಚೀಲಕ್ಕೆ ಅದು ಆಚೆಯಿಂದಲೇ ಕತ್ತು ಚಾಚಿ ಬಾಯಿ ಹಾಕಿತ್ತು. ನಾನು ಕೂಗಿದೆ. ಬೇರೆ ಜಿಲ್ಲೆಯ ಕುದುರೆಗೆ ನನ್ನ ಕೂಗು ಎಲ್ಲಿ ಕೇಳಬೇಕು? ಫಕೀರಪ್ಪ ಆಚೆ ಟಾಂಗಾದ ಗಾಲಿಗೆ ಎಣ್ಣೆ ಬಿಡುತ್ತಿದ್ದವನು ತಲೆಯೆತ್ತಿ ನೋಡಿದ. ನನ್ನ ಬಾಯಿ ತೆರೆದು ಮುಚ್ಚುತ್ತಿದ್ದದ್ದು ಕಂಡಿರಬೇಕು. ಬೇರೆ ಯಾರಾದರೂ ಆಗಿದ್ದರೆ ಕುದುರೆಯನ್ನು ಎಳೆದುಕೊಂಡು ಸುಮ್ಮನಾಗುತ್ತಿದ್ದರು. ಅವನು ಕೈ ಒರೆಸಿಕೊಂಡು, ಗೋಡೆ ಹತ್ತಿ ಇಳಿದು, ನನ್ನ ಎದುರು ಕೈಕಟ್ಟಿ ನಿಂತ. ಬೈಸಿಕೊಳ್ಳಲೆಂದೇ ಗೋಡೆ ಹಾರಿ ಬಂದ ಗಂಡಸನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ.

ನಾನೇನು ಬಿಡುತ್ತೇನೆಯೇ? ಬೂಸಾದಿಂದ ಶುರುಮಾಡಿ, ಅವನ ಕುದುರೆಯ ಲದ್ದಿಯ ವಾಸನೆ, ಅವನ ಹಿತ್ತಲ ಜಾಲಿಯ ಮುಳ್ಳು ನನ್ನ ಕಡೆ ಬೀಳುವುದು, ಎಲ್ಲವನ್ನೂ ಜಾಲಾಡಿಸಿದೆ. ಅವನು ಒಂದೊಂದಕ್ಕೂ ತಲೆಯಾಡಿಸಿದ. ಕೊನೆಗೆ ‘ನಾಳೆ ನಮ್ಮ ಕಡೆ ಬನ್ನಿ’ ಎಂದು ಕೈಸನ್ನೆ ಮಾಡಿ, ಬಂದ ದಾರಿಯಲ್ಲೇ ಹೋದ.

ಮರುದಿನ ನಾನು ಹೋದೆ. ಏನು ಹೇಳುತ್ತಾನೋ ನೋಡೋಣ ಎಂಬ ಕೆಟ್ಟ ಕುತೂಹಲ. ಅವನು ಒಂದು ಮಣೆ ಹಾಕಿ ಕೂರಿಸಿದ. ಆಮೇಲೆ ನಿಧಾನವಾಗಿ, ನಾನು ಹಿಂದಿನ ದಿನ ಬೈದದ್ದಕ್ಕೆಲ್ಲ ಬೈದ ಕ್ರಮದಲ್ಲೇ ಉತ್ತರ ಕೊಟ್ಟ.

“ಬೂಸಾದ್ದು ನಮ್ಮ ತಪ್ಪರೀ. ಅದಕ್ಕ ಬದಲಿ ಹುಳ್ಳಿ ಕೊಡ್ತೀನಿ. ಲದ್ದಿ ವಾಸನಿ ಅಂದ್ರಿ, ಇವತ್ತ ಮುಂಜಾನೆನ ಆ ಮೂಲಿಗೆ ತಗ್ಗ ತೋಡೀನಿ. ಜಾಲಿ ಕಡಿಯಾಕ ಮಾತ್ರ ಆಗೂದಿಲ್ರಿ, ಅದ್ರಾಗ ಗುಬ್ಬಿ ಗೂಡ ಕಟ್ಯಾವ. ಮರಿ ಹಾರಿ ಹೋಗಲಿ, ಕಡೀತೀನಿ. ಇನ್ನೊಂದ ಏನೋ ಅಂದ್ರೆಲ್ಲಾ... ಹಾಂ, ನನ್ನ ಮೀಸಿ. ಅದನ್ನೂ ಸಣ್ಣ ಮಾಡಸ್ತೀನ್ರಿ.”

ಮೀಸೆಯ ಮಾತು ಆಡಿದ್ದು ನನಗೇ ಮರೆತುಹೋಗಿತ್ತು. ಬೈಗುಳವನ್ನು ಯಾರಾದರೂ ಹಾಗೆ ರಾತ್ರಿಯಿಡೀ ಜೋಪಾನ ಮಾಡಿಟ್ಟುಕೊಳ್ಳುತ್ತಾರೆಯೇ? ನನ್ನ ಮಾತನ್ನು ಅಷ್ಟು ಅಕ್ಕರೆಯಿಂದ ಯಾರೂ ಇಟ್ಟುಕೊಂಡಿರಲಿಲ್ಲ. ಮನೆಗೆ ಬಂದು ಗಿರಣಿ ಶುರುಮಾಡಿದೆ, ಯಾರದೋ ಜೋಳಕ್ಕೆ ಯಾರದೋ ಗೋಧಿ ಬೆರೆಸಿ ಬೈಸಿಕೊಂಡೆ.

ಆಮೇಲೆ ಒಂದು ದಿನ ಅವನು ಬರುವುದು, ಒಂದು ದಿನ ನಾನು ಹೋಗುವುದು ರೂಢಿಯಾಯಿತು. ಅವನು ಬಂದ ದಿನ ನನ್ನ ಮಾತು, ನಾನು ಹೋದ ದಿನ ಅವನ ಮಾತು. ಬರೆದು ತೋರಿಸುವವರೂ ನಮ್ಮಲ್ಲಿದ್ದಾರೆ. ಆದರೆ ಫಕೀರಪ್ಪನಿಗೂ ಅಕ್ಷರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಅವನು ಹೇಳುತ್ತಿದ್ದದ್ದೆಲ್ಲ ಸಣ್ಣ ಸಣ್ಣ ಸಂಗತಿ: ಟಾಂಗಾ ಏರಿದ ಮುದುಕಿ ಇಳಿಯಲು ಮರೆತು ನಿದ್ದೆ ಹೋದದ್ದು, ಗಾಲಿಗೆ ಸಿಕ್ಕ ಗಾಳಿಪಟ. ನಾನು ಕೇಳುತ್ತ ಕೇಳುತ್ತ ಮನಸ್ಸಿನಲ್ಲೇ ಉತ್ತರ ಕೂಡಿಡುತ್ತಿದ್ದೆ. ಮರುದಿನ ಅವನು ಬರುವ ಹೊತ್ತಿಗೆ ಆ ಉತ್ತರ ಹಳಸಿರುತ್ತಿತ್ತು. ಬಿಸಿ ಆರಿದ ಭಜಿ ತಿಂದಂತೆ. ಆದರೂ ಬಿಡದೆ ಹೇಳುತ್ತಿದ್ದೆ, ಅವನು ನಗುತ್ತಿದ್ದ. ನಗು ಎಂದರೆ ತುಟಿಯ ನಗು; ನನ್ನ ಓಣಿಯಲ್ಲಿ ಅವನ ನಗುವಿಗೂ ಸದ್ದಿಲ್ಲ.

ಒಂದು ದಿನ ಅವನ ಅಂಗಳದಲ್ಲಿ ಬಿಜಲಿಗೆ ಹುರುಳಿ ಇಡುತ್ತಿದ್ದವನು ನನ್ನ ಕಡೆ ತಿರುಗದೆಯೇ ಹೇಳಿದ: “ಚಂದ್ರವ್ವಾರ, ಒಂದ ಮಾತ ಕೇಳ್ತೀನ್ರಿ. ಉತ್ತರ ಈಗ ಬ್ಯಾಡ, ಹೆಂಗೂ ಈಗ ಬರೂದಿಲ್ಲ. ನಾವಿಬ್ರೂ ಒಂದ ಒಲಿ ಮಾಡೂಣೇನ್ರಿ?”

ತಲೆಯಾಡಿಸಬಹುದಿತ್ತು. ಆದರೆ ಇಂಥ ಮಾತಿಗೆ ಕತ್ತು ಆಡಿಸಿ ಉತ್ತರ ಕೊಡಲು ನಾನೇನು ಅವನ ಕುದುರೆಯೇ? ಸುಮ್ಮನೆ ಎದ್ದು ಗೋಡೆ ಹಾರಿ ಬಂದೆ. ಅವನ ಮುಖ ಬಾಡಿತು. ನಾನು ನನ್ನ ಕಡೆ ಇಳಿದು ನಿಂತು, ಕೈಬೀಸಿ ಕರೆದೆ. ಬಂದ. ಆಗ ನನ್ನ ಸ್ವಂತ ಗಂಟಲಿನಲ್ಲಿ, ಓಣಿಯ ಎರಡೂ ತುದಿಗೆ ಕೇಳುವ ಹಾಗೆ, “ಹೂಂ ಅಂತೀನ್ರಿ!” ಎಂದೆ. ಸುತ್ತಲಿನ ಕಿಟಕಿಗಳೆಲ್ಲ ತೆರೆದವು.

ಆದರೆ ಹೂಂ ಎಂದಷ್ಟು ಸುಲಭವಾಗಿ ಒಲೆ ಹೂಡಲಾಗುವುದಿಲ್ಲ. ಗಂಡಹೆಂಡತಿಗೆ ಒಂದೇ ಒಲೆ, ಒಂದು ಒಲೆಗೆ ಒಂದೇ ಓಣಿ. ನಾನು ಅವನ ಕಡೆ ಹೋದರೆ ನನ್ನ ಗಿರಣಿಯಲ್ಲಿ ನಾನು ಮೂಕಿ. ಪಟ್ಟಾಕ್ಕೆ ಕೈ ಕೊಡುವ ಕೂಸನ್ನು ಕೂಗಿ ತಡೆಯುವವರಿಲ್ಲ. ಅವನು ಈ ಕಡೆ ಬಂದರೆ ತನ್ನ ಲಾಯದಲ್ಲಿ ಅವನು ಮೂಕ. ಅದರಲ್ಲೇನು ಎಂದು ನಿಮಗೆ ಅನ್ನಿಸಬಹುದು. ಬಿಜಲಿ ಅವನು “ಉಣ್ಣವಾ” ಎನ್ನದೆ ಹುರುಳಿಗೆ ಬಾಯಿ ಹಾಕುವುದಿಲ್ಲ. ಅವನು ಅಕ್ಕನ ಮನೆಗೆಂದು ಹೋಗಿ ತಡವಾದಾಗ ಆ ಕುದುರೆ ಹುರುಳಿ ತುಂಬಿದ ಬಾನಿಯ ಮುಂದೆ ಪಕ್ಕೆಲುಬು ಕಾಣುವ ತನಕ ನಿಂತದ್ದನ್ನು ನಾನೇ ಗೋಡೆಯ ಮೇಲಿಂದ ನೋಡಿದ್ದೇನೆ. ನನ್ನ ಬೂಸಾಕ್ಕೆ ಮಾತ್ರ ಅಪ್ಪಣೆ ಬೇಕಿರಲಿಲ್ಲ, ಅದು ಕದ್ದ ಮಾಲು. ಕುದುರೆಯನ್ನೇ ಈಚೆ ತಂದು ಕಟ್ಟೋಣವೆಂದರೆ ನನ್ನ ಹಿತ್ತಲಲ್ಲಿ ಒಂದು ಕುರಿ ಹೊರಳಿ ನಿಲ್ಲುವಷ್ಟೂ ಜಾಗವಿಲ್ಲ.

“ನಾನ ಬರ್ತೀನ್ರಿ ನಿಮ್ಮ ಕಡೆ,” ಎಂದು ಅವನು ತನ್ನ ಅಂಗಳದಲ್ಲಿ ಹೇಳಿದ. “ಬಿಜಲಿಗೂ ವಯಸ್ಸಾತು, ಮಾರಿದ್ರಾತು.” ಹೇಳುವಾಗ ಅವನ ಕೈ ಕುದುರೆಯ ಬೆನ್ನು ಬಿಡಲಿಲ್ಲ. ಮರುದಿನ ನನ್ನ ಹಿತ್ತಲಲ್ಲಿ ನಾನು ಹೇಳಿದೆ: “ಅದನ್ನ ಮಾರಿ ಬಂದ್ರ ನಾ ಬಾಗಲಾ ತೆಗಿಯೂದಿಲ್ಲ. ನಾನ ಬರ್ತೀನಿ, ಗಿರಣಿ ಮುಚ್ಚತೀನಿ.” ಅವನು ಎರಡೂ ಕೈ ಎತ್ತಿ ಬೇಡ ಬೇಡ ಎಂದ. ಹೀಗೆ ನಮ್ಮ ಮೊದಲ ಜಗಳ, ಒಬ್ಬರ ಸರದಿಯಾದ ಮೇಲೆ ಇನ್ನೊಬ್ಬರ ಸರದಿಯಂತೆ, ಸುಗ್ಗಿಯಿಂದ ಬೇಸಿಗೆಯ ತನಕ ನಡೆಯಿತು.

ಕೊನೆಗೆ ಮೇಲಿನವರನ್ನು ಕೇಳೋಣ ಎಂದುಕೊಂಡೆವು. ನಮ್ಮ ಓಣಿಯ ಹಿರಿಯಳು ಸಂಗವ್ವ. ಓಣಿಯವರೇ ಆರಿಸಿದ ಹೆಂಗಸು, ಯಾವಾಗಲೂ ಸೊಂಟದಲ್ಲಿ ಓಣಿಯ ಒಲೆಗಳ ಲೆಕ್ಕದ ಬೂದಿಯ ಕುಡಿಕೆ. ಅವಳು, “ಎರಡ ಓಣ್ಯಾಗ ಒಂದ ಸಂಸಾರ ಮಾಡೂದ ನನ್ನ ಕೈಯಾಗಿಲ್ಲವಾ, ಕೇರಿಗೆ ಹೋಗ್ರಿ,” ಎಂದಳು. ಕೇರಿಯವರು ಪೇಟೆಗೆ ಹೋಗಿ ಎಂದರು. ಪೇಟೆಯ ಚಾವಡಿಯಲ್ಲಿದ್ದವನು ಚಹಾ ಕುಡಿಸಿ ತಾಲೂಕಿಗೆ ಕಳಿಸಿದ. ತಾಲೂಕಿನಲ್ಲಿ ಹೊತ್ತು ಮುಳುಗುವ ತನಕ ಕೂರಿಸಿ ಜಿಲ್ಲೆಗೆ ಹೋಗಿ ಎಂದರು. ಆ ಕಡೆ ಫಕೀರಪ್ಪನೂ ಅವನ ಓಣಿಯಿಂದ ಅವನ ಜಿಲ್ಲೆಯ ತನಕ ಅದೇ ಮೆಟ್ಟಿಲು ಹತ್ತಿದ. ನನ್ನ ಕಚೇರಿಗಳಿಗೆ ಅವನು ಜೊತೆಗೆ ಬಂದು ಮೂಕನಾಗಿ ಕೂರುತ್ತಿದ್ದ, ಅವನ ಕಚೇರಿಗಳಲ್ಲಿ ನಾನು. ಎರಡೂ ಜಿಲ್ಲೆಯವರು ಒಂದೇ ಮಾತು ಹೇಳಿದರು: ಎರಡು ಜಿಲ್ಲೆಯ ಸಂಗತಿ, ನಾಡಿಗೇ ಹೋಗಬೇಕು.

ಹೋದೆವು. ಬಸ್ಸಿನಲ್ಲಿ ಎಲ್ಲರೂ ಮೂಕರು. ಓಡುತ್ತಿರುವ ಬಸ್ಸು ಯಾರ ಓಣಿ? ನಾನು ರೊಟ್ಟಿ ಬಿಚ್ಚಿದೆ, ಅವನು ಹಸಿಮೆಣಸಿನ ಚಟ್ನಿ ಬಿಚ್ಚಿದ. ನಾಡಮಂಟಪದಲ್ಲಿ ನಾವಿಬ್ಬರೂ ಒಟ್ಟಿಗೆ ಬಾಯಿಬಿಡಬಹುದು ಎಂಬ ಆಸೆಯಿಂದ ನನಗೆ ಹಸಿವೇ ಆಗಲಿಲ್ಲ.

ಮಂಟಪ ಕಂಡ ಮೇಲೆ ಎದೆ ಒಡೆಯಿತು. ಅಲ್ಲಿ ನಾಡಿನ ಮೂಲೆಮೂಲೆಯ ಜನ ಕೂಡಿದ್ದರು. ವರ್ಷಗಟ್ಟಲೆ ಒಳಗಿಟ್ಟುಕೊಂಡಿದ್ದನ್ನೆಲ್ಲ ಒಮ್ಮೆಗೇ ಕೂಗುತ್ತಿದ್ದರು. ಅಕ್ಕತಂಗಿಯರು ಕತ್ತು ತಬ್ಬಿಕೊಂಡು ಕಿವಿಯೊಳಗೆ ಅರಚುತ್ತಿದ್ದರು. ಬೀಗರು ಹಳೆಯ ಮದುವೆಯ ಊಟದ ಬಗ್ಗೆ ಕಿತ್ತಾಡುತ್ತಿದ್ದರು. ಫಕೀರಪ್ಪ ಏನೋ ಹೇಳಿದ. ತುಟಿ ಅಲ್ಲಾಡಿದ್ದು ಕಂಡಿತು, ಅಷ್ಟೇ; ಜನರ ನಡುವೆ ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಲು ಅವನಿಗೆ ನಾಚಿಕೆ. ನಾನು ಹೇಳಿದ್ದು ಮಾತ್ರ ಅವನಿಗೆ ಕೇಳಿತಂತೆ. ಗಿರಣಿಯ ಗಂಟಲಲ್ಲವೇ? ಅಷ್ಟು ದೂರ ಹೋಗಿ ಅಲ್ಲೂ ನನ್ನದೇ ಮಾತಾಯಿತು. ನನಗೆ ಅವನ ಒಂದು ಅಕ್ಷರವೂ ಸಿಗಲಿಲ್ಲ.

ಅಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯ. ನಮ್ಮನ್ನು ಕಂಬದ ಮರೆಗೆ ಕರೆದು, ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಕಿವಿಯಲ್ಲಿ ಕೂಗಿದ: “ತಾಯಿ, ಒಲೆ ಅನ್ನೋದು ಓಣಿಯ ವಿಷಯ! ಅದಕ್ಕೆ ಮೇಲಿನವರು ಯಾರೂ ಕೈ ಹಾಕೋ ಹಾಗಿಲ್ಲ! ನಿಮ್ಮ ಓಣಿಯಲ್ಲೇ ಕೇಳಿ!”

ಹತ್ತಿದ ಮೆಟ್ಟಿಲನ್ನೆಲ್ಲ ಇಳಿದು ಬಂದೆವು. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ನಾನು ಅತ್ತೆ. ಅವನು ತನ್ನ ರುಮಾಲಿನ ತುದಿ ಕೊಟ್ಟ. ಅದರಲ್ಲಿ ಕುದುರೆಯ ವಾಸನೆ ಇತ್ತು, ಆದರೂ ಒರೆಸಿಕೊಂಡೆ.

ಊರಿಗೆ ಬಂದ ಮೇಲೆ ಅವನು ಒಂದು ಉಪಾಯ ಹೇಳಿದ. ಉಪಾಯ ಎನ್ನುವುದಕ್ಕಿಂತ ಸೋತವರ ಚೀಟಿ ಎತ್ತುವಿಕೆ ಎನ್ನಿ. ಗೋಡೆಯ ನಡುವೆ ಒಂದಿಷ್ಟು ಒಡೆದು, ಆ ಸಂದಿನಲ್ಲೇ ಒಲೆ ಹೂಡುವುದು. ಒಲೆಗಳ ಲೆಕ್ಕ ಹಿಡಿಯುವ ಬೂದಿಯ ದಿನ ಯಾರ ಓಣಿಯ ಹಿರಿಯರು ಬಂದು ಆ ಒಲೆಯ ಬೂದಿ ಒಯ್ಯುತ್ತಾರೋ ಒಲೆ ಆ ಓಣಿಯದು. ಇನ್ನೊಬ್ಬರು ತುಟಿಪಿಟಕ್ಕೆನ್ನದೆ ಒಪ್ಪಿಕೊಳ್ಳುವುದು. ನನಗೂ ಜಗಳಾಡಿ ಸಾಕಾಗಿತ್ತು.

ಮದುವೆಯೂ ಆ ಸಂದಿನಲ್ಲೇ ಆಯಿತು. ಎರಡೂ ಕಡೆಯಿಂದ ಅಕ್ಕಿಕಾಳು ಬಿದ್ದವು. ನಮ್ಮ ಕಡೆಯ ಸೋಬಾನೆ ಅವರಿಗೆ ಕೇಳಲಿಲ್ಲ, ಅವರ ಕಡೆಯದು ನಮಗೆ ಕೇಳಲಿಲ್ಲ. ಎರಡು ಸಾಲು ಹೆಂಗಸರು ಎದುರುಬದುರು ನಿಂತು ಬಾಯಾಡಿಸುತ್ತಿದ್ದರು. ತಾಳ ಮಾತ್ರ ಹೇಗೋ ಕೂಡಿತ್ತು, ಒಬ್ಬರ ಕೈ ನೋಡಿ ಒಬ್ಬರು ಚಪ್ಪಾಳೆ ಹಾಕಿದರು. ನಾವು ನಮ್ಮ ಹಳೆಯ ಒಲೆಗಳಿಗೆ ನೀರು ಹೊಯ್ದು ಹೊಸ ಒಲೆಗೆ ಬೆಂಕಿ ಕೊಟ್ಟೆವು. ನಾನು ಈಚೆ ಕೂತು ರೊಟ್ಟಿ ಬಡಿಯುತ್ತಿದ್ದೆ, ಅವನು ಆಚೆ ಕೂತು ಸೌದೆ ಒಟ್ಟುತ್ತಿದ್ದ. ಹೊಗೆ ಇಬ್ಬರ ಕಣ್ಣಿಗೂ ಹೋಗುತ್ತಿತ್ತು. ಮಾತು ಹೋಗುತ್ತಿರಲಿಲ್ಲ. ಹಳೆಯ ಲೆಕ್ಕವೇ ಇನ್ನೂ ನಡೆಯುತ್ತಿತ್ತು.

ಬೂದಿಯ ದಿನ ನಮ್ಮಲ್ಲಿ ದೊಡ್ಡ ದಿನ. ಪ್ರತಿ ಓಣಿಯ ಹಿರಿಯರು ಮನೆಮನೆಗೆ ಬಂದು ಒಲೆಯಿಂದ ಒಂದು ಚಿಟಿಕೆ ಬೂದಿ ತೆಗೆದು ಓಣಿಯ ಕುಡಿಕೆಗೆ ಹಾಕುತ್ತಾರೆ. ಕುಡಿಕೆಗಳನ್ನು ಕೇರಿಯ ಮಗಿಗೆ ಸುರಿಯುತ್ತಾರೆ, ಮಗಿಗಳನ್ನು ಪೇಟೆಯ ಗಡಿಗೆಗೆ, ಗಡಿಗೆಗಳನ್ನು ತಾಲೂಕಿನ ಕೊಡಕ್ಕೆ, ಕೊಡಗಳನ್ನು ಜಿಲ್ಲೆಯ ಹಂಡೆಗೆ. ಹಂಡೆಗಳೆಲ್ಲ ರಾಜಧಾನಿಗೆ ಹೋಗಿ ನಾಡಿನ ಹಗೇವಿನಲ್ಲಿ, ನೆಲದೊಳಗಿನ ಆ ದೊಡ್ಡ ಕಣಜದಲ್ಲಿ, ಬೀಳುತ್ತವೆ. ಹಗೇವಿನ ಬಾಯಿ ಮುಚ್ಚಿದ ಗಳಿಗೆಯಿಂದ ಹೊಸ ಲೆಕ್ಕ. ಯಾರ ಬೂದಿ ಯಾವ ಓಣಿಯಿಂದ ಹೋಯಿತೋ ಅವರ ದನಿ ಅಲ್ಲಿ.

ಆ ದಿನ ಗಿರಣಿಯಲ್ಲಿ ಹಬ್ಬದ ನೂಕುನುಗ್ಗಲು. ಸಂಗವ್ವ ಸಂಜೆಯ ಹೊತ್ತಿಗೆ ಬಂದಳು. ಸೀದಾ ಹಿತ್ತಲಿಗೆ ಹೋಗಿ, ಒಲೆಯ ಮುಂದೆ ಕೂತು, ಬೂದಿ ತೆಗೆದು ಕುಡಿಕೆಗೆ ಹಾಕಿ, “ನೀ ನಮ್ಮಾಕಿನ ಉಳದಿ ನೋಡವಾ,” ಎಂದು ನನ್ನ ಗಲ್ಲ ಹಿಡಿದಳು. ನನಗೆ ಸಂತೋಷವಾಗಬೇಕಿತ್ತು. ಫಕೀರಪ್ಪ ಪೇಟೆಗೆ ಹೋಗಿದ್ದ; ಗೋಡೆಯ ಆಚೆ ಬಿಜಲಿ ತನ್ನ ಬಾನಿಯ ಮುಂದೆ ನಿಂತು ಕಿವಿ ನಿಮಿರಿಸಿ ಕಾಯುತ್ತಿತ್ತು. ಹಗೇವು ಮುಚ್ಚಿದ ಮೇಲೆ ಅದಕ್ಕೆ ಉಣ್ಣವಾ ಎನ್ನುವವರು ಯಾರು? ಆ ರಾತ್ರಿ ಉಣ್ಣದೆ ಮಲಗಿದೆ.

ಮರುದಿನ ನನ್ನ ಕೇಳುವ ಸರದಿ. ಆಚೆ ಹೋದೆ. ಫಕೀರಪ್ಪ ನನಗಾಗಿ ಪೇಟೆಯಿಂದ ಜಿಲೇಬಿ ತಂದಿದ್ದ. ಮಣೆ ಹಾಕಿ ಕೂರಿಸಿದ, ತಾನು ನೆಲದ ಮೇಲೆ ಕೂತ. ಕಣ್ಣು ಕೆಂಪಾಗಿತ್ತು.

“ಮನಸಿಗೆ ಹಚ್ಕೋಬ್ಯಾಡ್ರಿ,” ಎಂದ. “ನಿನ್ನೆ ಹೊತ್ತ ಏರೂಕಿಂತ ಮೊದಲ ನಮ್ಮ ಓಣಿ ಹಿರ್ಯಾ ಯಮನೂರಪ್ಪ ಬಂದು ಬೂದಿ ಒಯ್ದ. ನೀವು ಗಿರಣ್ಯಾಗಿದ್ರಿ. ನಿಮ್ಮ ಗಿರಣ್ಯಾಗ ನಿಮ್ಮ ಕೂಗು ಇರೂದಿಲ್ಲಂದ್ರ ನನಗ ಹೆಂಗ ಆಗಾಕತ್ತೈತಿ ಅಂದ್ರ... ನಾನ ದಿನಾ ಬಂದು ಪಟ್ಟಾದ ಮುಂದ ಕುಂದರ್ತೀನ್ರಿ. ಕೂಸು ಕೈ ಚಾಚಿದ್ರ ನಾ ಹಿಡೀತೀನಿ.”

ನಾನು ಬಾಯಿ ತೆರೆದೆ. ದನಿ ಇಲ್ಲ. ಜಿಲೇಬಿ ಕೆಳಗಿಟ್ಟು, ಅವನ ಕೈ ಹಿಡಿದು ಎಳೆದುಕೊಂಡೇ ಸಂದು ದಾಟಿ ನನ್ನ ಕಡೆ ತಂದೆ. “ನಮ್ಮ ಸಂಗವ್ವನೂ ಒಯ್ದಾಳ್ರೀ!” ಎಂದೆ. “ಸಂಜಿಗೆ ಬಂದು ಅದ ಒಲಿಯಿಂದ ಒಯ್ದಾಳ!”

ಇಬ್ಬರೂ ಅಲ್ಲೇ ಕುಸಿದು ಕೂತೆವು. ಯಮನೂರಪ್ಪನಿಗೂ ಸಂಗವ್ವನಿಗೂ ನಡುವೆ ಬರೀ ಒಂದು ಗೋಡೆ. ಆದರೆ ಅವರಿಬ್ಬರು ಮಾತಾಡಬೇಕೆಂದರೆ ರಾಜಧಾನಿಗೆ ಹೋಗಬೇಕು. ಒಬ್ಬರು ಒಯ್ದದ್ದು ಇನ್ನೊಬ್ಬರಿಗೆ ಗೊತ್ತಾಗುವುದಾದರೂ ಹೇಗೆ? ನಾಡು ಹುಟ್ಟಿದಾಗಿನಿಂದ ಒಂದು ಒಲೆಯ ಬೂದಿ ಎರಡು ಕುಡಿಕೆಗೆ ಬಿದ್ದದ್ದನ್ನು ನಾವು ಕೇಳಿರಲಿಲ್ಲ. ಕೇಳಿದ್ದು ಬೇರೆ ಕಥೆ. ನಾನು ಸಣ್ಣವಳಿದ್ದಾಗ ಬೂದಿಯ ದಿನ ಬಾಗಿಲು ಹಾಕಿಕೊಂಡು ಪರಸ್ಥಳಕ್ಕೆ ಹೋಗಿದ್ದ ಮುದುಕನೊಬ್ಬ ಎಲ್ಲಿಯ ಲೆಕ್ಕಕ್ಕೂ ಸೇರದೆ ಹೋದ. ಮುಂದಿನ ಬೂದಿಯ ತನಕ ಅವನಿಗೆ ಎಲ್ಲೂ ದನಿಯಿರಲಿಲ್ಲ, ಸ್ವಂತ ಅಡುಗೆಮನೆಯಲ್ಲೂ. ಮೊಮ್ಮಗಳಿಗೆ ಹೆಸರಿಡುವ ದಿನ ಅವಳ ಕಿವಿಯಲ್ಲಿ ಬರೀ ಉಸಿರು ಬಿಟ್ಟು ಎದ್ದು ಹೋದನಂತೆ.

ಎರಡೂ ಲೆಕ್ಕ ಹೊಡೆದುಹೋಗಿ ನಮಗೂ ಹಾಗಾದರೆ? ಗಿರಣಿಯಲ್ಲೂ ಇಲ್ಲ, ಲಾಯದಲ್ಲೂ ಇಲ್ಲ. ಒಬ್ಬರ ಅಂಗಳಕ್ಕೆ ಒಬ್ಬರು ಹೋಗಿ ಕೇಳುತ್ತಿದ್ದ ಆ ಅರ್ಧ ಸುಖವೂ ಹೋಗುತ್ತದೆ. ಸಂಗವ್ವನಿಗೆ ಹೋಗಿ ಹೇಳಿದ್ದರೆ ಅವಳು ಕುಡಿಕೆಯನ್ನು ಮೇಲೆ ಕಳಿಸುವ ಮೊದಲು ನಮ್ಮ ಲೆಕ್ಕದ ಒಂದು ಚಿಟಿಕೆ ತೆಗೆದು ಒಲೆಗೆ ಹಿಂದಕ್ಕೆ ಹಾಕುತ್ತಿದ್ದಳು. ಆಗ ಫಕೀರಪ್ಪನಿಗೆ ಅವನ ಲಾಯ ಉಳಿಯುತ್ತಿತ್ತು. ನಾನು ಅದಕ್ಕೇ ಎದ್ದೆ. ಅವನು ನನ್ನ ಸೆರಗು ಹಿಡಿದು ಕೂರಿಸಿದ. ನನ್ನ ಓಣಿಯಲ್ಲಿ ಅವನಿಗೆ ಬಾಯಿಲ್ಲ, ಸುಮ್ಮನೆ ತಲೆ ಅಡ್ಡಡ್ಡ ಆಡಿಸಿದ. ತಾನೂ ಯಮನೂರಪ್ಪನ ಹತ್ತಿರ ಹೋಗುವುದಿಲ್ಲ, ನೀವೂ ಸಂಗವ್ವನ ಹತ್ತಿರ ಹೋಗಬೇಡಿ ಎಂದು ಬೆರಳಿನಲ್ಲಿ ತೋರಿಸಿದ. ಆದದ್ದು ಇಬ್ಬರಿಗೂ ಆಗಲಿ. ಆ ಹೊತ್ತಿನಲ್ಲಿ ನನಗೆ ಅವನ ಮೇಲೆ ಬಂದಷ್ಟು ಪ್ರೀತಿ ನನ್ನ ಜನ್ಮದಲ್ಲಿ ಯಾರ ಮೇಲೂ ಬಂದಿರಲಿಲ್ಲ.

ಕುಡಿಕೆ ಮಗಿಗೆ ಹೋಯಿತು, ಮಗಿ ಗಡಿಗೆಗೆ ಹೋಯಿತು. ಜಿಲ್ಲೆಯ ಹಂಡೆಯನ್ನು ಹೊತ್ತ ಲಾರಿ ಹೂವಿನ ಹಾರ ಹಾಕಿಕೊಂಡು ಪೇಟೆ ದಾಟಿದಾಗ ನಾನು ಗಿರಣಿಯ ಬಾಗಿಲಲ್ಲಿ ನಿಂತು ನೋಡಿದೆ. ಆ ಕಡೆಯ ರಸ್ತೆಯಲ್ಲಿ ಅವರ ಜಿಲ್ಲೆಯ ಲಾರಿಯೂ ಹೊರಟಿರಬೇಕು. ನಮ್ಮ ಒಂದೇ ಒಲೆಯ ಬೂದಿ ಎರಡು ಹಾದಿಯಲ್ಲಿ, ಒಂದಕ್ಕೊಂದು ಗೊತ್ತಿಲ್ಲದಂತೆ ಪಯಣ ಹೊರಟಿತ್ತು. ಆ ದಿನಗಳಲ್ಲಿ ನಾನು ಗಿರಣಿಗೆ ಬಂದವರಿಗೆಲ್ಲ ಸುಮ್ಮಸುಮ್ಮನೆ ಕೂಗಿ ಮಾತಾಡಿಸಿದೆ. ಅವನು ಬಿಜಲಿಯ ಕಿವಿಯ ಹತ್ತಿರ ನಿಂತು ಉಣ್ಣವಾ ಉಣ್ಣವಾ ಎನ್ನುತ್ತಲೇ ಇದ್ದ. ಕುದುರೆ ಹೊಟ್ಟೆ ಬಿರಿಯುವ ಹಾಗೆ ತಿಂದಿತು.

ಹಗೇವು ಮುಚ್ಚುವುದು ಹೊತ್ತು ನೆತ್ತಿಗೇರಿದಾಗ. ಆ ದಿನ ನಾನು ಗಿರಣಿ ತೆರೆಯಲಿಲ್ಲ, ಅವನು ಟಾಂಗಾ ಹೂಡಲಿಲ್ಲ. ಅಂಜಿಕೆಯನ್ನು ನೆಟ್ಟಗೆ ಎದುರಿಸೋಣ ಎಂದು ಜಾಗ ಅದಲುಬದಲು ಮಾಡಿಕೊಂಡೆವು: ನಾನು ಅವನ ಕಡೆ ಕೂತು ರೊಟ್ಟಿ ಬಡಿದೆ, ಅವನು ನನ್ನ ಕಡೆ ಕೂತು ಸೌದೆ ಒಟ್ಟಿದ. ಅಲ್ಲಿಯ ತನಕದ ಲೆಕ್ಕದಲ್ಲಿ ಇಬ್ಬರೂ ಮೂಕರೇ. ನೆರಳು ಕಾಲಬುಡಕ್ಕೆ ಬಂದು, ಆಮೇಲೆ ಆ ಕಡೆಗೆ ವಾಲಿತು. ಹಗೇವಿನ ಬಾಯಿ ಮುಚ್ಚಿರಬೇಕು. ಆದರೂ ಇಬ್ಬರೂ ತುಟಿ ತೆರೆಯಲಿಲ್ಲ. ತೆರೆದು ನೋಡಿ ಏನೂ ಹೊರಡದಿದ್ದರೆ? ಅವನು ನನ್ನ ಮುಖ ನೋಡಿದ, ನಾನು ಹಂಚು ನೋಡಿದೆ. ಎರಡೂ ಕಡೆಯ ಓಣಿಯವರು ಬಾಗಿಲ ಸಂದಿನಿಂದ ಇಣುಕುತ್ತಿದ್ದರು.

ಹೇಡಿಯಾಗಿ ಕೂರುವವಳು ನಾನಲ್ಲ. ಕೈಯ ಹಿಟ್ಟು ಕೊಡವಿ, ಉಸಿರು ತುಂಬಿಕೊಂಡು ಬಾಯಿ ತೆರೆದೆ.

“ಫಕೀರಪ್ಪಾರ,” ಎಂದೆ.

ದನಿ ಬಂತು! ಅವನ ಜಿಲ್ಲೆಯಲ್ಲಿ, ಅವನ ಅಂಗಳದಲ್ಲಿ, ನನ್ನ ತಮಟೆಯ ಗಂಟಲು ಗಣ್ಣೆಂದಿತು. ಬಿಜಲಿ ಬೆಚ್ಚಿ ಹಿಂದೆ ಸರಿಯಿತು. ಅವನು ಕೈಯಲ್ಲಿದ್ದ ಸೌದೆ ಬಿಟ್ಟು ನನ್ನನ್ನೇ ನೋಡಿದ. ಇಷ್ಟು ದಿನ ಕೂಡಿಟ್ಟದ್ದನ್ನೆಲ್ಲ ಈಗಲೇ, ಸರಿಯಾಗಿ, ಚೆಂದವಾಗಿ ಹೇಳಿಬಿಡಬೇಕು ಎಂದು ನೆಟ್ಟಗೆ ಕೂತೆ.

“ನಾ ನಿಮಗ ಒಂದ ಮಾತ ಹೇಳಬೇಕಂತ ಭಾಳ ದಿನದಿಂದ ಇಟ್ಕೊಂಡೀನ್ರಿ. ನೋಡ್ರಿ, ಮನಷ್ಯಾಗ ಮನಷ್ಯಾ ಜೋಡಿ ಆಗೂದಂದ್ರ...”

“ರೊಟ್ಟಿ ಹೊತ್ತಾಕತ್ತೈತ್ರಿ!” ಎಂದ ಫಕೀರಪ್ಪ, ನನ್ನ ಕಡೆಯಿಂದ.

ನನ್ನ ಮಾತು ಅಲ್ಲಿಗೇ ನಿಂತಿತು. ನಾನು ಹೇಳಿದ್ದನ್ನೆಲ್ಲ ಕಡೆಯ ತನಕ ಕೈಕಟ್ಟಿ ಕೇಳಿಸಿಕೊಂಡು, ಮರುದಿನವೇ ಉತ್ತರ ಕೊಡುತ್ತಿದ್ದ ಮನುಷ್ಯ ನನ್ನ ಮಾತಿನ ನಡುವೆ ಬಾಯಿ ಹಾಕಿದ್ದ. ನನಗೆ ಅಳು ಉಕ್ಕಿ ಬಂತು. ಅದನ್ನು ಕಂಡು ಅವನು ಗಾಬರಿಯಾದ. “ಯಾಕ್ರಿ? ನಾ ಏನರ ತಪ್ಪ...” ಎಂದು ಅವನು ಶುರುಮಾಡಿದ. ಅಷ್ಟರಲ್ಲಿ ನಾನು, “ಮೊದಲ ನನ್ನ ಮಾತ ಮುಗಸಾಕ ಬಿಡ್ರಿ,” ಎಂದೆ. ಅವನು “ಮುಗಸ್ರಿ, ಮುಗಸ್ರಿ, ಆದ್ರ ಹಂಚಿನ ಮ್ಯಾಲೆ...” ಎಂದ. ನಾನು “ಹಂಚ ಸುಡಲಿ,” ಎಂದೆ. ಅವನು ನಗುತ್ತ ಏನೋ ಹೇಳಿದ, ನಾನು ಅಳುತ್ತ ಏನೋ ಹೇಳಿದೆ. ಇಬ್ಬರದೂ ಒಟ್ಟಿಗೇ ಆಗಿ ಒಬ್ಬರದೂ ಒಬ್ಬರಿಗೆ ತಿಳಿಯಲಿಲ್ಲ, ರೊಟ್ಟಿ ಪೂರ್ತಿ ಕರಕಲಾಯಿತು.